ಹದಿನೈದು ತುಂಡಿನ ಸ್ಟೇಜು

ಅನ್ನ, ಬಟ್ಟೆ, ಸೂರು ಆದ ಮೇಲೆ ಮನುಷ್ಯನಿಗೆ ಬೇಕಾಗುವುದು ತನ್ನ ಹೆಸರನ್ನು ಎಲ್ಲಾದರೂ ನಾಲ್ಕು ಜನ ಓದುವಷ್ಟು ದೊಡ್ಡದಾಗಿ ಬರೆದಿರುವುದನ್ನು ನೋಡುವ ಯೋಗ. ನನಗೆ ಆ ಚಪಲವಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಅಂಥವರ ಮನೆಯ ಗೇಟನ್ನು ಹೋಗಿ ನೋಡಿದ್ದೇನೆ, ಅಮೃತಶಿಲೆಯಲ್ಲೇ ಕೊರೆಸಿರುತ್ತಾರೆ. ನನ್ನದು ಬಾಡಿಗೆ ಮನೆ, ಗೇಟಿನ ಮೇಲೆ ಮಾಲೀಕರ ಹೆಸರು. ಕಾರ್ಖಾನೆಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಬೆನ್ನು ಬಗ್ಗಿಸಿ ವಾರಗಟ್ಟಲೆ ಗೆರೆ ಎಳೆಯುವವನು ನಾನು. ಆದರೆ ನಕ್ಷೆಯ ಮೂಲೆಯಲ್ಲಿ ನನಗೆ ಸಿಗುವುದು ಇರುವೆ ಕೂರುವಷ್ಟು ಜಾಗ, ಅದರಲ್ಲಿ ಎರಡು ಇನಿಷಿಯಲ್. ಅದರ ಕೆಳಗೆ ಒಪ್ಪಿಗೆ ಕೊಟ್ಟ ಸಾಹೇಬರ ಸಹಿ ಮಾತ್ರ ಚೌಕ ದಾಟಿ, ಅಂಚು ದಾಟಿ, ಕಾಗದ ಇನ್ನೂ ಇದ್ದಿದ್ದರೆ ಇನ್ನೂ ಮುಂದೆ ಹೋಗುತ್ತಿತ್ತು. ಹದಿನಾರು ವರ್ಷ ಇದನ್ನು ನೋಡಿದ ಹೊಟ್ಟೆಯುರಿಯೇ ಸ್ಟೇಜಾಗಿ ಹುಟ್ಟಿತು ಎಂದರೆ ತಪ್ಪಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಹೊಸತು. ಬೆಂಗಳೂರಿನ ವಿಜಯನಗರ ಬಡಾವಣೆಯೂ ಹೊಸತು. ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟು, ಸೈಟಿನ ತುಂಬ ಪಾರ್ಥೇನಿಯಂ, ಬಸ್ಸು ಮನಸ್ಸು ಬಂದರೆ ಬರುತ್ತಿತ್ತು. ಆದರೂ ನಮ್ಮ ಕ್ರಾಸಿನಲ್ಲಿ ಕನ್ನಡ ಸಂಘವಿತ್ತು, ಸಂಘಕ್ಕೆ ಕಾರ್ಯದರ್ಶಿಯಾಗಿ ದಾವಣಗೆರೆ ಕಡೆಯ ಶಿವಬಸಪ್ಪನವರಿದ್ದರು. ಅವರು ರಿಜಿಸ್ಟ್ರಾರ್ ಕಚೇರಿಯಲ್ಲಿ ದೊಡ್ಡ ಗುಮಾಸ್ತರು. ಪ್ರತಿ ನವೆಂಬರಿಗೆ ಒಂದು ನಾಟಕ ಬರೆಯುತ್ತಿದ್ದರು. ಪ್ರತಿ ನಾಟಕದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಒಬ್ಬ ದ್ರೋಹಿ ಸೇನಾಧಿಪತಿ. ಸ್ಟೇಜಿಗೆ ಮಾತ್ರ ಗತಿಯಿಲ್ಲ. ಕ್ರಾಸಿನ ಮನೆಗಳಿಂದ ಮಂಚಗಳನ್ನು ಎತ್ತಿಕೊಂಡು ಬಂದು, ಜೋಡಿಸಿ, ಮೇಲೆ ಹಲಗೆ ಹಾಸುತ್ತಿದ್ದೆವು. ಒಂದು ವರ್ಷ ಹಲಗೆ ಸಾಲದೆ ಒಂದು ನವಾರಿನ ಮಂಚದ ಮೇಲೆ ಬರೀ ಜಮಖಾನ ಹಾಸಿದ್ದರು. ಮಂತ್ರಿ ‘ಪ್ರಭೂ, ರಾಜ್ಯ ಸುಭದ್ರವಾಗಿದೆ’ ಎನ್ನುತ್ತಲೇ ಸೊಂಟದವರೆಗೆ ಇಳಿದುಹೋದ. ಪಾಪ, ಕೊನೆಯ ಅಂಕದವರೆಗೂ ಅಲ್ಲೇ ಇದ್ದ.

ಆ ವರ್ಷದ ಸಭೆಯಲ್ಲಿ ನಾನು ಎದ್ದು ನಿಂತು, ಬಿಚ್ಚಿ ಜೋಡಿಸಬಹುದಾದ ಮರದ ಸ್ಟೇಜು ಮಾಡಿಕೊಡುತ್ತೇನೆ ಎಂದುಬಿಟ್ಟೆ. ನಾಲ್ಕಡಿ ಚೌಕದ ಹದಿನೈದು ತುಂಡು. ಐದೈದರ ಮೂರು ಸಾಲು. ಪ್ರತಿ ತುಂಡಿಗೂ ಮಡಿಚುವ ಕಾಲು, ಪಕ್ಕದ ತುಂಡಿಗೆ ಸಿಕ್ಕಿಸಲು ಬೋಲ್ಟು. ನಾಟಕ ಮುಗಿದ ಮೇಲೆ ಮನೆಗೊಂದು ತುಂಡು, ಗೋಡೆಗೆ ಒರಗಿಸಿ ಇಟ್ಟರಾಯಿತು. ಮರವನ್ನು ಮನೆಮನೆಯವರೇ ಕೊಡುವುದು ಎಂದಾಯಿತು. ಹೊಸ ಬಡಾವಣೆಯಲ್ಲಿ ಮರಕ್ಕೇನು ಬರ, ಒಬ್ಬರ ಮನೆಯಲ್ಲಿ ಕಿಟಕಿ ಮಾಡಿಸಿ ಉಳಿದದ್ದು, ಇನ್ನೊಬ್ಬರಲ್ಲಿ ಸೆಂಟ್ರಿಂಗ್ ಹಲಗೆ, ಮತ್ತೊಬ್ಬರಲ್ಲಿ ಮೆಷಿನ್ ಬಂದ ಪೆಟ್ಟಿಗೆ. ನಾನು ಕೃತಜ್ಞತೆಯ ಉದ್ವೇಗದಲ್ಲಿ, ಕೊಟ್ಟವರ ಹೆಸರನ್ನು ಅವರವರ ಹಲಗೆಯ ಮೇಲೆ ಬರೆಸೋಣ ಎಂದೆ. ಮೊದಲು ಶಿವಬಸಪ್ಪನವರು ಎದ್ದು, ತಮ್ಮ ಹೆಸರು ಬೇಡ, ತಮ್ಮ ತೀರಿಹೋದ ತಂದೆಯವರ ಜ್ಞಾಪಕಾರ್ಥ ಎಂದು ಬರೆಸಿ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಷ್ಟೇ, ಆಮೇಲೆ ಬದುಕಿರುವ ಒಬ್ಬನೂ ತನ್ನ ಹೆಸರು ಹೇಳಲಿಲ್ಲ. ಒಬ್ಬರು ತಂದೆ, ಒಬ್ಬರು ತಾಯಿ, ಒಬ್ಬರು ಗುರುಗಳು. ಬ್ಯಾಂಕಿನ ನಾಗರಾಜನ ಎದುರುಮನೆಯವರಿಗೆ ತಂದೆ, ತಾಯಿ, ಅತ್ತೆ, ಮಾವ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ಅವರು ನಾಚಿಕೆಪಟ್ಟುಕೊಂಡು ಊರಿಗೆ ಕಾಗದ ಬರೆದು ಒಬ್ಬ ಮುತ್ತಜ್ಜನ ಹೆಸರು ತರಿಸಿಕೊಂಡರು.

ಹೀಗೆ ಹೆಸರು ಬರೆಸುವುದು ನಮ್ಮ ಜನಕ್ಕೆ ಹೊಸದಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮೂರ ಭಜನೆ ಮಂದಿರಕ್ಕೆ ಒಬ್ಬರು ಫ್ಯಾನು ಕೊಟ್ಟು ಮೂರು ರೆಕ್ಕೆಯ ಮೇಲೂ ಹೆಸರು ಬರೆಸಿದ್ದರು. ಫ್ಯಾನು ತಿರುಗಿದರೆ ಹೆಸರು ಕಾಣದು ಎಂದು ಅವರು ಬಂದಾಗಲೆಲ್ಲ ಅದನ್ನು ಆರಿಸಿ ಕೂರುತ್ತಿದ್ದರು. ಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ನಾವು ಅವರ ಹೆಸರು ಓದುತ್ತಿದ್ದೆವು. ಇದೆಲ್ಲ ನೆನಪಿದ್ದೂ ನನಗೆ ಬುದ್ಧಿ ಬರಲಿಲ್ಲ ನೋಡಿ.

ಈಗ ತಪ್ಪೊಪ್ಪಿಗೆಗೆ ಬರುತ್ತೇನೆ. ಡ್ರಾಫ್ಟ್ಸ್‌ಮನ್ ಆದವನು ಯಾವುದನ್ನೂ ಮೊದಲು ಮೇಲಿನಿಂದ ನೋಡುತ್ತಾನೆ. ನಾನೂ ದೊಡ್ಡ ಹಾಳೆಯಲ್ಲಿ ಮೇಲಿನಿಂದ ಕಾಣುವ ನಕ್ಷೆ ಬರೆದು, ಹದಿನಾಲ್ಕು ಚೌಕದಲ್ಲಿ ಹೆಸರುಗಳನ್ನು ದುಂಡಗೆ ತುಂಬಿಸಿ ಸಭೆಯಲ್ಲಿ ತೂಗುಹಾಕಿದೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಇಬ್ಬರು ಕಣ್ಣೊರೆಸಿಕೊಂಡರು. ಸ್ಟೇಜನ್ನು ಮೇಲಿನಿಂದ ನೋಡುವುದು ಕಾಗೆ ಮಾತ್ರ, ಮನುಷ್ಯರು ಅದರ ಮೇಲೆ ಕಾಲಿಡುತ್ತಾರೆ ಎಂಬುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಮುಂದಿನ ಸಾಲಿನ ಸರಿಯಾಗಿ ನಡುವಿನ ಚೌಕವನ್ನು ಖಾಲಿ ಬಿಟ್ಟು ನಾನು ನನಗೆ ಇಟ್ಟುಕೊಂಡಿದ್ದೆ. ನನ್ನ ಹೆಂಡತಿ ಸರೋಜ ಅದಕ್ಕೆ ತನ್ನ ತಾತನ ಹೆಸರು ಬರೆಸಿ ಎಂದಳು. ಯೋಚಿಸೋಣ ಎಂದೆ. ಯೋಚಿಸಲಿಲ್ಲ. ಸುಂಕದಕಟ್ಟೆಯಿಂದ ದಿನವೂ ಸೈಕಲ್ಲಿನಲ್ಲಿ ಬರುತ್ತಿದ್ದ ಬಡಗಿ ವೀರಾಚಾರ್ರು ಎರಡು ತಿಂಗಳಲ್ಲಿ ಹದಿನೈದನ್ನೂ ಮಾಡಿ ಮುಗಿಸಿದರು. ಬೋರ್ಡು ಬರೆಯುವವನು ಬಂದಾಗ ಅವನ ಕಿವಿಯಲ್ಲಿ ಹೇಳಿ, ನನ್ನ ಹಲಗೆಯ ಮೇಲೆ ಗೇಣುದ್ದದ ಕೆಂಪು ಅಕ್ಷರದಲ್ಲಿ ‘ವಿನ್ಯಾಸ: ಶ್ರೀಪತಿ’ ಎಂದು ಬರೆಸಿದೆ. ಬಣ್ಣ ಒಣಗುವವರೆಗೂ ಪಕ್ಕದಲ್ಲೇ ಕೂತಿದ್ದೆ. ನನ್ನ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ, ಸರೋಜ ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲಿ ಹೇಳುತ್ತಿದ್ದೇನೆ.

ನಾಟಕದ ದಿನ ಮಧ್ಯಾಹ್ನ ಖಾಲಿ ಸೈಟಿನಲ್ಲಿ ಹದಿನೈದು ತುಂಡುಗಳೂ ಲಟಕ್ ಲಟಕ್ ಎಂದು ಒಂದಕ್ಕೊಂದು ಕೂತವು. ಒಂದು ನೂಲೂ ಹೆಚ್ಚುಕಡಿಮೆಯಿಲ್ಲ. ವೀರಾಚಾರ್ರು ಕುಟ್ಟಿ ನೋಡಿ ತಲೆಯಾಡಿಸಿದರು. ಅತ್ತಿಗುಪ್ಪೆಯಿಂದಲೂ ಜನ ಬಂದು ಸೇರಿದರು. ಶಿವಬಸಪ್ಪನವರು ತೆಂಗಿನಕಾಯಿ ಒಡೆದರು, ಊದುಬತ್ತಿ ಹಚ್ಚಿದರು. ಮೊದಲು ರಾಜನ ಪ್ರವೇಶ. ರಾಜನ ಪಾತ್ರ ಬ್ಯಾಂಕಿನ ನಾಗರಾಜನದು. ಕಿರೀಟ ಸರಿಮಾಡಿಕೊಂಡು ಎಡಗಡೆ ಮೆಟ್ಟಿಲು ಹತ್ತಿದವನು ಕಾಲು ಎತ್ತಿದ, ಎತ್ತಿದ ಕಾಲನ್ನು ಹಾಗೇ ಹಿಡಿದುಕೊಂಡ. ಮೊದಲ ಹಲಗೆ ಅವನದೇ. ಅದರ ಮೇಲೆ ಅವನ ತಂದೆಯ ಹೆಸರು.

“ಅಪ್ಪನ ಮೇಲೆ ಹೆಂಗ್ ಸಾರ್ ಕಾಲಿಡೋದು?” ಎಂದು ಅವನು ನನ್ನ ಕಡೆ ನೋಡಿದ.

ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ನಾಗರಾಜ ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಳಗಿಳಿದ. ಮಂತ್ರಿ ಇನ್ನೊಂದು ಕಡೆಯಿಂದ ಹತ್ತಲು ಹೋದರೆ ಅಲ್ಲಿ ಎದುರುಮನೆಯವರ ಮುತ್ತಜ್ಜ. ಅವರು ಮೂರು ತಿಂಗಳ ಹಿಂದೆ ಅಷ್ಟೇ ಹೆಸರು ತಿಳಿದುಕೊಂಡಿದ್ದ ಮುತ್ತಜ್ಜನ ಮೇಲೆ ಹೊರಗಿನವನ ಕಾಲು ಬೀಳಬಾರದು ಎಂದು ಅಡ್ಡ ನಿಂತರು. ಚಪ್ಪಲಿ ಬಿಟ್ಟು ಹತ್ತಲಿ ಎಂದು ಒಬ್ಬರು ರಾಜಿ ಸೂತ್ರ ಹೇಳಿದರು. ರಾಜ, ಮಂತ್ರಿಯಾದರೆ ಪರವಾಗಿಲ್ಲ, ದ್ರೋಹಿ ಸೇನಾಧಿಪತಿ ನಮ್ಮಮ್ಮನ ಮೇಲೆ ನಿಲ್ಲುವುದು ಬೇಡ ಎಂದು ಇನ್ನೊಬ್ಬರು. ನಾನು ಜಮಖಾನ ತರಿಸಿ ಹಾಸಲು ಹೋದೆ. ನಾಗರಾಜನ ತಾಯಿ, ಎಪ್ಪತ್ತು ದಾಟಿದವರು, ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಒಂದೇ ಮಾತು ಕೇಳಿದರು.

“ಮುಚ್ಚಿದ್ರೆ ಅವರು ಅಲ್ಲಿಲ್ಲ ಅಂತಾಗತ್ತೇನಪ್ಪಾ?”

ಜಮಖಾನ ಸುತ್ತಿಟ್ಟೆ. ಹಲಗೆ ಮಗುಚೋಣವೆಂದರೆ ಕಾಲುಗಳು ಆಕಾಶ ನೋಡುತ್ತವೆ. ಮತ್ತೆ ಮಂಚ ತರೋಣ ಎಂದು ಯಾರೋ ಅಂದರು. ನನ್ನ ಹೆಸರು ಬರೆದ ಸ್ಟೇಜು ಪಕ್ಕದಲ್ಲಿ ಊದುಬತ್ತಿ ಹೊಗೆ ಕುಡಿಯುತ್ತಾ ನಿಲ್ಲುವುದು, ನಾಟಕ ಮಂಚದ ಮೇಲೆ ನಡೆಯುವುದು! ಮುಖ್ಯ ಅತಿಥಿಗಳು ಬೇರೆ ಆಗಲೇ ಬಂದು ಎರಡನೇ ಕಾಫಿ ಕುಡಿಯುತ್ತಿದ್ದರು. ಆಗ ಶಿವಬಸಪ್ಪನವರು ಕನ್ನಡಕ ಏರಿಸಿ ಹದಿನೈದು ಹಲಗೆಗಳನ್ನೂ ಒಂದೊಂದಾಗಿ ಓದಿದರು. ನಡುವಿನದಕ್ಕೆ ಬಂದು ನಿಂತರು.

“ಶ್ರೀಪತಿಯವ್ರೇ, ನೀವು ಬದುಕಿದ್ದೀರಲ್ರೀ” ಎಂದರು.

ಅದನ್ನು ಅವರು ಒಂದು ಶುಭ ಸಮಾಚಾರದಂತೆ ಹೇಳಿದರು. ಸೇರಿದವರೆಲ್ಲ ಹೌದಲ್ಲ, ಬದುಕಿದ್ದಾರಲ್ಲ ಎಂದು ಸಂಭ್ರಮಪಟ್ಟರು. ನನ್ನ ಹೆಸರನ್ನು ತುಳಿಯುವುದರಲ್ಲಿ ದೋಷವಿದೆಯೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕಡೇ ಪಕ್ಷ ಕಟ್ಟಿಕೊಂಡವಳಾದರೂ ಒಂದು ಮಾತು ಆಡಬಹುದೆಂದು ಸರೋಜಳ ಕಡೆ ನೋಡಿದೆ. ಅವಳು ಕೆಂಪು ಅಕ್ಷರಗಳನ್ನು ಓದುತ್ತಿದ್ದಳು, ಅಂದರೆ ತಾತನ ಹೆಸರು ಅಲ್ಲಿಲ್ಲದ್ದು ಗೊತ್ತಾಗಿತ್ತು. “ಧಾರಾಳವಾಗಿ ತುಳೀಲಿ ಬಿಡಿ” ಎಂದಳು.

ಹೀಗೆ ಇಪ್ಪತ್ತಡಿ ಅಗಲ, ಹನ್ನೆರಡಡಿ ಉದ್ದದ ಸ್ಟೇಜಿನಲ್ಲಿ ಇಡೀ ನಾಟಕ ನಾಲ್ಕಡಿ ಚೌಕದಲ್ಲಿ ನಡೆಯಿತು. ಜನರ ಕಡೆಯಿಂದ ನೇರವಾಗಿ ಹತ್ತಲು ಒಂದು ಬೆಂಚು ಹಾಕಿದರು. ಸಿಂಹಾಸನ ಇಟ್ಟರೆ ರಾಜನಿಗೆ ಜಾಗವಿಲ್ಲವೆಂದು ರಾಜ ನಿಂತೇ ಆಳಿದ. ಮಂತ್ರಿಯ ಗುಟ್ಟಿನ ಮಾತೆಲ್ಲ ಸೇನಾಧಿಪತಿಯ ಹೆಗಲ ಮೇಲಿಂದಲೇ ರಾಜನ ಕಿವಿಗೆ ಹೋಗಬೇಕಾಯಿತು. ಸೇನಾಧಿಪತಿಯನ್ನು ದೇಶದಿಂದ ಗಡೀಪಾರು ಮಾಡಿದಾಗ ಅವನು ಬೆಂಚಿನ ಮೇಲೆ ಕೂತ. ಯುದ್ಧದಲ್ಲಿ ಕತ್ತಿ ಎತ್ತಲು ಆಗದೆ ರಾಜ, ಸೇನಾಧಿಪತಿ ಇಬ್ಬರೂ ತಬ್ಬಿಕೊಂಡೇ ಹೋರಾಡಿದರು, ಹೆಂಗಸರು ಅದನ್ನು ಸಂಧಾನವೆಂದು ತಿಳಿದು ಚಪ್ಪಾಳೆ ತಟ್ಟಿದರು. ಸತ್ತ ಸೈನಿಕನಿಗೆ ಮಲಗಲು ಜಾಗವಿಲ್ಲ, ನಿಂತೇ ಸತ್ತ. ಕೊನೆಗೆ ಮುಖ್ಯ ಅತಿಥಿಗಳು ಅದೇ ಹಲಗೆಯ ಮೇಲೆ ನಿಂತು, ಹಿರಿಯರಿಗೆ ಇಷ್ಟು ಗೌರವ ಕೊಡುವ ಬಡಾವಣೆಯನ್ನು ತಾವು ಕಂಡಿಲ್ಲ ಎಂದರು. ಬೂಟು ಹಾಕಿಕೊಂಡಿದ್ದರು. ಎಲ್ಲ ಮುಗಿದು ನಾನು ಹೋಗಿ ನೋಡುವಷ್ಟರಲ್ಲಿ ‘ವಿನ್ಯಾಸ’ ಪೂರ್ತಿ ಅಳಿಸಿಹೋಗಿತ್ತು, ಶ್ರೀಪತಿಯಲ್ಲಿ ಪತಿ ಮಾತ್ರ ಅಲ್ಪಸ್ವಲ್ಪ ಉಳಿದಿದ್ದ.

ಸ್ವಲ್ಪ ದಿನ ನಾನು ಸಂಘದ ಕಡೆ ಹೋಗಲಿಲ್ಲ. ಬೇಜಾರಾಗಿತ್ತು, ಮುಚ್ಚುಮರೆ ಯಾಕೆ. ಆದರೆ ಮಾರನೆಯ ವರ್ಷ ಅವರೇ ಬಣ್ಣ ತಂದು ಹೆಸರನ್ನು ಮತ್ತೆ ಬರೆಸಿದರು, ಮತ್ತೆ ತುಳಿದರು. ಅದರ ಮರುವರ್ಷವೂ ಹಾಗೇ. ಈಗ ಅದು ಪದ್ಧತಿಯಾಗಿದೆ. ಹದಿನಾಲ್ಕು ಹಲಗೆಗೆ ಹೂವು, ಒಂದಕ್ಕೆ ನಾಟಕ.

ಹೋದ ತಿಂಗಳು ನನಗೆ ಕೆಮ್ಮು ಹಿಡಿಯಿತು. ಎರಡೇ ದಿನದ್ದು. ಅಷ್ಟರಲ್ಲಿ ಕ್ರಾಸಿಗೆ ಕ್ರಾಸೇ ಮನೆಗೆ ಬಂತು. ನಾಗರಾಜ ಡಾಕ್ಟರನ್ನು ಕರೆತಂದ. ಅವನ ತಾಯಿ ನನಗಾಗಿ ಹರಕೆ ಹೊತ್ತರಂತೆ. ನಾಟಕದ ಮಂತ್ರಿ ತಂಡಿಗಾಳಿಯಲ್ಲಿ ಓಡಾಡಬೇಡಿ ಎಂದು ಮಫ್ಲರ್ ಕೊಟ್ಟ. ಇಷ್ಟು ಜನಕ್ಕೆ ನಾನು ಬೇಕಾದವನು ಎಂದು ನನಗೆ ತಿಳಿದೇ ಇರಲಿಲ್ಲ, ನಿಜವಾಗಿ ಕಣ್ಣು ತುಂಬಿತು. ಶಿವಬಸಪ್ಪನವರು ಮನೆಯಲ್ಲೇ ಕಾಯಿಸಿದ ಮೆಣಸಿನ ಕಷಾಯವನ್ನು ಚೊಂಬಿನಲ್ಲಿ ತಂದು, ಹಾಸಿಗೆಯ ಅಂಚಿನಲ್ಲಿ ಕೂತು, ನನ್ನ ಕೈ ಹಿಡಿದುಕೊಂಡರು.

“ನೀವು ನೂರು ವರ್ಷ ಗಟ್ಟಿಯಾಗಿರ್ಬೇಕ್ರೀ ಶ್ರೀಪತಿಯವ್ರೇ. ನೀವೂ ಹೋಗಿಬಿಟ್ರೆ ನಮಗ ಕಾಲಿಡಾಕ ಜಾಗ ಇರಂಗಿಲ್ಲ” ಎಂದರು.

ಹೆಸರೇ ಬರೆಯದ ಇನ್ನೊಂದು ಹಲಗೆ ಮಾಡಿಸಿಕೊಳ್ಳಬಹುದಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಅಟ್ಟದ ಮೇಲೆ ಮಾವನವರು ಕೊಟ್ಟ ಹಳೆಯ ತೇಗದ ಬಾಗಿಲೊಂದು ಬಿದ್ದಿದೆ, ನಾಲ್ಕಡಿ ಚೌಕ ಧಾರಾಳವಾಗಿ ಆಗುತ್ತದೆ. ಸರೋಜ ಬಾಗಿಲಲ್ಲಿ ನಿಂತು ಅಟ್ಟದ ಕಡೆ ನೋಡಿ, ನನ್ನ ಕಡೆ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಇನ್ನೊಂದು ಸಲ ಕೆಮ್ಮಿ, ಕಷಾಯಕ್ಕೆ ಕೈಚಾಚಿದೆ.