ಒಂದು ಸಲ ಒತ್ತಿ ಸುಮ್ಮನಿರುವುದು

ಕಾಯುವುದು ಎಂಬ ಒಂದನ್ನು ಬಿಟ್ಟು ಉಳಿದೆಲ್ಲ ವಿದ್ಯೆಯೂ ನಮ್ಮ ಕನ್ನಡಕದಂಗಡಿಯ ಯಜಮಾನರಿಗೆ ಕೈವಶವಾಗಿತ್ತು. ಲಿಫ್ಟಿನ ಗುಂಡಿಯನ್ನು ಅವರು ಒಂದೇ ಸಲ ಒತ್ತಿದ್ದನ್ನು ಕಂಡವರಿಲ್ಲ. ಹೆಂಡತಿಯನ್ನು ಕರೆದರೆ, ಆಕೆ "ಬಂದೆ" ಎನ್ನುವಷ್ಟರಲ್ಲಿ ಇನ್ನೆರಡು ಸಲ ಕರೆದಿರುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿ ಎನ್ನುವರು. ಆ ಪಾಪದ ಪ್ರಾಣಿ ಕಣ್ಣು ಕಿರಿದು ಮಾಡುವುದರೊಳಗೆ ತಾವೇ ಕೊನೆಯ ಸಾಲಿನವರೆಗೂ ಓದಿ ಮುಗಿಸುವರು. (ಬಡಾವಣೆಯ ಅರ್ಧ ಜನ ಯಜಮಾನರ ಕಣ್ಣಿಗೆ ಹೊಂದುವ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದಾರೆ ಎಂದು ಅವರನ್ನು ಕಂಡರಾಗದವರು ಹೇಳುತ್ತಾರೆ.)

ಇಂಥ ಮಹಾನುಭಾವರು ಡ್ರಮ್ಸ್ ಬಾರಿಸಲು ಹೊರಟರು. ಅವರು ವಾಸವಿದ್ದ ಕಟ್ಟಡದಲ್ಲಿ ವಾರ್ಷಿಕ ಸಮಾರಂಭ. ಅವರ ಹೆಂಡತಿ ಮದುವೆಗೆ ಮುಂಚೆ ವೇದಿಕೆಯ ಮೇಲೆ ಹಾಡಿದವರು. ಆಮೇಲಿನ ಇಪ್ಪತ್ತೆರಡು ವರ್ಷ ಆ ಕಂಠಕ್ಕೆ ಸಿಕ್ಕ ಶ್ರೋತೃ ಎಂದರೆ ಬಟ್ಟೆ ಒಗೆಯುವ ಯಂತ್ರ ಒಂದೇ. ಈ ಸಲ ಕಟ್ಟಡದ ಸೆಕ್ರೆಟರಿ ಬಾಗಿಲಿಗೇ ಬಂದು, ನೀವೊಂದು ಹಾಡು ಹಾಡಲೇಬೇಕು ಎಂದು ಕೇಳಿಕೊಂಡಾಗ ಆಕೆಯ ಮುಖ ಅರಳಿತು. ಅಮ್ಮ ತನಗೆ ಹಾಡುತ್ತಿದ್ದ ಜೋಗುಳವನ್ನೇ ಆರಿಸಿಕೊಂಡರು. ಡ್ರಮ್ಸ್‌ಗೆ ಕುಳಿತುಕೊಳ್ಳಬೇಕಿದ್ದ ಎಲೆಕ್ಟ್ರಿಷಿಯನ್ ಏಣಿಯಿಂದ ಜಾರಿ ಭುಜ ಮುರಿದುಕೊಂಡಾಗ ಆಕೆ ಬಾಯಲ್ಲಿ ಅಯ್ಯೋ ಪಾಪ ಎಂದರೂ ಒಳಗೊಳಗೇ ಸಮಾಧಾನದ ಉಸಿರು ಬಿಟ್ಟರು.

"ಮಗು ಮಲಗಿಸೋ ಹಾಡು ಕಣ್ರೀ ಅದು. ಡ್ರಮ್ಸ್ ಇಲ್ದೆ ಹಾಗೇ ಹಾಡ್ತೀನಿ ಬಿಡಿ."

"ಡ್ರಮ್ಸ್ ಇಲ್ದಿರೋ ಹಾಡು ಗಾಜಿಲ್ದಿರೋ ಕನ್ನಡಕ ಇದ್ದ ಹಾಗೆ," ಎಂದರು ಯಜಮಾನರು. "ನಾನಿಲ್ವಾ?"

ಯಜಮಾನರು ಅಲ್ಲಿಯವರೆಗೆ ಬಾರಿಸಿದ್ದು ಪಕ್ಕದ ಮನೆಯ ಬಾಗಿಲು ಮಾತ್ರ. ಆದರೆ ಮಗಳು ಕಾಲೇಜಿನಲ್ಲಿ ಧ್ವನಿಮುದ್ರಣ ಕಲಿಯುತ್ತಿದ್ದಳು, ಅವಳ ಲ್ಯಾಪ್‌ಟಾಪಿನಲ್ಲಿ ಅದರ ತಂತ್ರಾಂಶವಿತ್ತು. ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ಒಂದೊಂದು ಚೌಕದಲ್ಲಿ ಯಾರೋ ಆಗಲೇ ಬಾರಿಸಿಟ್ಟ ಡ್ರಮ್ಸಿನ ಒಂದೊಂದು ತುಣುಕು. ಅದಕ್ಕೆ ಲೂಪ್ ಎನ್ನುತ್ತಾರೆ. ಚೌಕ ಒತ್ತಿದರೆ ತುಣುಕು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೈ ನೋಯಿಸಿಕೊಳ್ಳದೆ ಕಲಾವಿದರಾಗಬಹುದೆಂದು ತಿಳಿದಾಗ ಯಜಮಾನರಿಗೆ ಸಂಗೀತದ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು.

ಅದಕ್ಕೊಂದು ನಿಯಮವಿತ್ತು, ಮಗಳು ಅದನ್ನು ನಾಲ್ಕು ಸಲ ಹೇಳಿದಳು. "ಒಂದೇ ಸಲ ಒತ್ತಿ ಸುಮ್ನಿರಬೇಕು, ಅಪ್ಪ. ಒತ್ತಿದ ತಕ್ಷಣ ಸದ್ದು ಬರಲ್ಲ. ಚೌಕ ಮಿನುಗುತ್ತೆ. ತಾಳದ ಒಂದು ಸುತ್ತು, ಅಂದ್ರೆ ಒಂದು ಆವರ್ತ, ಪೂರ್ತಿ ಕಳೆದ ಮೇಲೆ ತಾನಾಗೇ ಶುರುವಾಗುತ್ತೆ. ಮಿನುಗ್ತಿರುವಾಗ ಅದನ್ನಾಗಲಿ ಬೇರೆ ಚೌಕಾನಾಗಲಿ ಇನ್ನೊಂದು ಸಲ ಒತ್ತಿದ್ರೆ ರದ್ದು."

ಒಂದು ಆವರ್ತ ಎಂದರೆ ಮೂರು ಸೆಕೆಂಡು. ಮೊದಲ ಎರಡು ದಿನ ಯಜಮಾನರು ಒತ್ತಿ, ರದ್ದು ಮಾಡಿ, ಒತ್ತಿ, ರದ್ದು ಮಾಡಿ, ಕಂಪ್ಯೂಟರ್ ಕಂಪನಿಯ ಮೂಲಪುರುಷರನ್ನೆಲ್ಲ ನೆನೆದರು. ಮೂರನೆಯ ದಿನ ಮಗಳು ಅವರ ಮಣಿಕಟ್ಟನ್ನು ಹಿಡಿದು ಕುಳಿತ ಮೇಲೆ ಡ್ರಮ್ಸ್ ಬಂತು. ಬಂದಿದ್ದಾದರೂ ಎಂಥದ್ದು? ಅವರು ಆರಿಸಿದ ಲೂಪಿನ ಹೆಸರು 'ಬಿರುಗಾಳಿ ನಂಬರ್ ಮೂರು'. ಜೋಗುಳದಲ್ಲಿ ಕಂದ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಅದು ಅಪ್ಪಳಿಸಿತು. ಮೇಲಿನ ಮನೆಯವರು ಇಳಿದು ಬಂದು, ಏನಾದರೂ ಬಿದ್ದು ಒಡೆಯಿತೇ ಎಂದು ವಿಚಾರಿಸಿಕೊಂಡು ಹೋದರು.

ಹೆಂಡತಿ ಮೊದಲು, ಸದ್ದು ಕೊಂಚ ತಗ್ಗಿಸಬಹುದೇ ಎಂದು ಕೇಳಿದರು. ಮಾರನೆಯ ದಿನ, ಕೊನೆಯ ಚರಣಕ್ಕೆ ಮಾತ್ರ ಬಾರಿಸಿದರೆ ಸಾಲದೇ ಎಂದರು. ಅದರ ಮಾರನೆಯ ದಿನ, ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವುದೂ ದೊಡ್ಡ ಕಲೆಯೇ ಎಂದು ಸೂಚಿಸಿದರು. ತನ್ನ ಹಾಡು ಗಂಡನ ಪ್ರತಿಭೆಯ ಮುಂದೆ ಮಂಕಾದೀತೆಂಬ ಹೊಟ್ಟೆಕಿಚ್ಚು ಇದು ಎಂದು ಯಜಮಾನರು ತೀರ್ಮಾನಿಸಿ, ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟರು. ಶನಿವಾರ ಆಕೆ ಏನೂ ಹೇಳಲಿಲ್ಲ. ಕೇಳದೆಯೇ ಎರಡನೆಯ ಕಪ್ ಚಹಾ ಬೇರೆ ತಂದುಕೊಟ್ಟರು. ಕೊನೆಗೂ ಬುದ್ಧಿ ಬಂತು ಎಂದುಕೊಂಡರು ಯಜಮಾನರು.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನೆಲಮಹಡಿಯ ಹಾಲ್ ತುಂಬಿತ್ತು. ಯಜಮಾನರು ತಮ್ಮ ಅಂಗಡಿಯದೇ ಕಪ್ಪು ಕನ್ನಡಕ ಧರಿಸಿ (ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು) ಲ್ಯಾಪ್‌ಟಾಪಿನ ಮುಂದೆ ಕುಳಿತರು. ಪಕ್ಕದಲ್ಲೇ ಹೆಂಡತಿ, ಕೈಯಲ್ಲಿ ಮೈಕು. ಮೊದಲ ಸಾಲು ಮುಗಿಯುತ್ತಿದ್ದಂತೆ ಯಜಮಾನರು ಬಿರುಗಾಳಿಯನ್ನು ಒತ್ತಿದರು. ಚೌಕ ಮಿನುಗಿತು. ಒಂದು, ಎರಡು, ಮೂರು. ಬಿರುಗಾಳಿ ಬರಲಿಲ್ಲ. ಒತ್ತಿದ್ದು ಸಾಲದೇನೋ ಎಂದು ಇನ್ನೊಮ್ಮೆ ಒತ್ತಿದರು. ಮಿನುಗುವುದು ನಿಂತಿತು. ಮತ್ತೆ ಒತ್ತಿದರು, ಮಿನುಗಿತು. ಐದು ಸೆಕೆಂಡು ಕಾದರು; ಅವರ ಜೀವಮಾನದಲ್ಲಿ ಅದು ದಾಖಲೆ. ಉಹುಂ. ಪಕ್ಕದ ಚೌಕ ಒತ್ತಿದರು, ಅದರ ಪಕ್ಕದ್ದನ್ನೂ ಒತ್ತಿದರು, ಬೆರಳು ಅಕ್ಕಿ ಹೆಕ್ಕುವ ಕೋಳಿಯಂತೆ ಪರದೆಯ ಮೇಲೆಲ್ಲ ಕುಕ್ಕಿತು. ಜನರ ಮುಂದೆ ಮಾನ ಹೋಯಿತು ಎಂದು ಅವರಿಗೆ ಅಳುವೇ ಬಂದಂತಾಯಿತು.

ಹಾಡು ಮಾತ್ರ ತನ್ನ ಪಾಡಿಗೆ ನಡೆದಿತ್ತು. ಮೂರನೆಯ ಚರಣದಲ್ಲಿ ದನಿ ಮೆಲ್ಲಗೆ ಮೇಲೇರಿದಾಗ, ಹಾಲ್‌ನಲ್ಲಿ ಕುರ್ಚಿ ಸರಿದ ಸದ್ದೂ ಇರಲಿಲ್ಲ. ಯಜಮಾನರ ಬೆರಳು ಗಾಳಿಯಲ್ಲೇ ನಿಂತಿತು. ಈಕೆ ಹೀಗೆ ಹಾಡುತ್ತಾಳೆಂದು ಅವರಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕರ್ತವ್ಯ ನೆನಪಾಗಿ, ಗಡಬಡಿಸಿ ಮತ್ತೆ ಒತ್ತಿದರು.

ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೆಕ್ರೆಟರಿ ನೇರವಾಗಿ ಯಜಮಾನರ ಬಳಿ ಬಂದು ಕೈ ಕುಲುಕಿ, ಎಲ್ಲಿ ಬಾರಿಸಬಾರದು ಎಂದು ತಿಳಿದವನೇ ನಿಜವಾದ ಕಲಾವಿದ, ಮುಂದಿನ ವರ್ಷವೂ ಇದೇ ರೀತಿ ಬಾರಿಸಿಕೊಡಬೇಕು ಎಂದರು. ಯಜಮಾನರು ತಲೆ ಬಾಗಿಸಿ, ಮೌನಕ್ಕೂ ಒಂದು ಲಯವಿದೆ ಎಂದು ಐದು ನಿಮಿಷ ವಿವರಿಸಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡದ್ದೇ ತಡ, ಆ ಲಯ ತಪ್ಪಿತು. ಕೆಟ್ಟ ಕಂಪ್ಯೂಟರನ್ನು ಕೊಟ್ಟು ನನ್ನ ಮಾನ ಕಳೆದೆ ಎಂದು ಮಗಳ ಮೇಲೆ ಎಗರಾಡಿದರು. ಮಗಳು ಅಮ್ಮನ ಮುಖ ನೋಡಿದಳು.

"ಅವಳನ್ನ ಯಾಕೆ ಬೈತೀರಿ," ಎಂದರು ಹೆಂಡತಿ, ಕಿವಿಯ ಓಲೆ ಬಿಚ್ಚುತ್ತ. "ನಿನ್ನೆ ನಾನೇ ಅವಳಿಗೆ ಹೇಳಿ, ಚೌಕ ಒಂದು ಆವರ್ತ ಕಾಯೋದನ್ನ ಎಂಟು ಆವರ್ತಕ್ಕೆ ಏರಿಸಿಕೊಂಡೆ."

ಯಜಮಾನರು ಬೆರಳು ಮಡಿಸಿ ಲೆಕ್ಕ ಹಾಕಿದರು. ಇಪ್ಪತ್ತನಾಲ್ಕು ಸೆಕೆಂಡು. "ಇಪ್ಪತ್ತನಾಲ್ಕು ಆದ್ಮೇಲೆ ಡ್ರಮ್ಸ್ ಬಂದುಬಿಟ್ಟಿದ್ರೆ ಏನು ಮಾಡ್ತಿದ್ದೆ?"

"ನೀವು ಒಂದು ಸಲ ಒತ್ತಿ ಇಪ್ಪತ್ತನಾಲ್ಕು ಸೆಕೆಂಡು ಸುಮ್ನಿರೋದಾ? ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ, ಆ ಭಯ ನನಗಿರಲಿಲ್ಲ." ಓಲೆಯನ್ನು ಡಬ್ಬಿಗೆ ಹಾಕಿ ಆಕೆ ತಿರುಗಿದರು. "ಮೂರನೇ ಚರಣದಲ್ಲಿ ಮಾತ್ರ ನಿಮ್ಮ ಬೆರಳು ನಿಂತುಬಿಡ್ತು. ನನ್ನ ಜೀವ ಬಾಯಿಗೆ ಬಂದಿತ್ತು. ಏನಾಗಿತ್ತು ನಿಮಗೆ?"

ಹಾಡು ಕೇಳ್ತಾ ಕೂತುಬಿಟ್ಟಿದ್ದೆ ಎಂಬ ಮಾತು ಯಜಮಾನರ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿಕೊಂಡರು.

"ಕಂಪ್ಯೂಟರ್ ಹ್ಯಾಂಗ್ ಆಗಿತ್ತು," ಎಂದರು.