ಸಾವ್ಕಾರ್ರ ಹಳೇದು

ನಿಂಗರಾಜುವಿಗೆ ತಲೆ ಕೆಟ್ಟಿದೆ ಎಂದು ಚಾಮರಾಜನಗರದ ಆ ಬೀದಿಯವರೆಲ್ಲ ಒಂದೇ ಬಾಯಲ್ಲಿ ತೀರ್ಮಾನ ಮಾಡಿದ ದಿನ ಶುರುವಾದದ್ದು ಒಂದು ಸಣ್ಣ ಡಬ್ಬದಿಂದ. ಡಬ್ಬದೊಳಗಿದ್ದದ್ದು ಚಾಕ್ ಪೇಂಟು. ತರಿಸಿದವಳು ಹೆಂಡತಿ ಕುಮಾರಿ.

ನಿಂಗರಾಜು ಕರೆಂಟು ಮೀಟರ್ ಓದುವ ಕೆಲಸದವನು. ಮನೆಮನೆಗೂ ಹೋಗಿ ಗೋಡೆಯ ಮೇಲಿನ ಅಂಕಿಗಳನ್ನು ಸರಾಗವಾಗಿ ಓದುತ್ತಿದ್ದ. ಹೆಂಡತಿಯ ಮುಖ ಓದುವ ವಿದ್ಯೆ ಮಾತ್ರ ಅವನಿಗೆ ಇನ್ನೂ ಒಲಿದಿರಲಿಲ್ಲ. ಅಂಗನವಾಡಿ ಟೀಚರಾದ ಕುಮಾರಿ ಅಂದು ಬೆಳಿಗ್ಗೆ ಗುಂಡ್ಲುಪೇಟೆಯ ಗೆಳತಿಯ ಮದುವೆಗೆಂದು ರೇಷ್ಮೆ ಸೀರೆಯನ್ನು ದೊಡ್ಡ ಬ್ಯಾಗಿನಲ್ಲಿ ಇಟ್ಟುಕೊಂಡು ಹೊರಟು ನಿಂತಾಗ, ಅವನು ರಜೆಯ ದಿನದ ಎರಡನೇ ಕಾಫಿ ಕುಡಿಯುತ್ತಿದ್ದ. ಅವಳು ಅಡುಗೆಮನೆಯ ಮರದ ಬೀರುವಿನ ಮುಂದೆ ಡಬ್ಬ ಇಟ್ಟು, ತನ್ನ ಫೋನಿನಲ್ಲಿ ಒಂದು ವೀಡಿಯೊ ತೋರಿಸಿದಳು. ಬೆಳ್ಳಗಿನ ಹೆಂಗಸೊಬ್ಬಳು ನಗುನಗುತ್ತಾ ಯಾವುದೋ ಬೀರುವಿಗೆ ಬಣ್ಣ ಹೊಡೆದು, ಆಮೇಲೆ ಅಷ್ಟೇ ನಗುನಗುತ್ತಾ ಅದನ್ನು ಕೆರೆಯುತ್ತಿದ್ದಳು.

"ಮೊದ್ಲು ಅಂಚಿಗೆಲ್ಲ ಮೇಣದಬತ್ತಿ ಉಜ್ಜಿ. ಅದ್ರ ಮೇಲೆ ಪೇಂಟ್ ಹೊಡೀರಿ. ಒಣಗಿದ್ಮೇಲೆ ಉಪ್ಪುಕಾಗದ ತಕಂಡು ಮೂಲೆ ಮೂಲೆ ಕೆರೀರಿ," ಎಂದಳು ಕುಮಾರಿ.

"ಹೊಡೆದಿರೋ ಪೇಂಟ್ನ ಯಾಕೆ ಕೆರೀಬೇಕು?"

"ಹಳೇದು ಕಾಣ್ಲಿ ಅಂತ."

"ಈಗ್ಲೂ ಹಳೇದೇ ಕಾಣ್ತಾ ಅದಲ್ಲ?"

ಕುಮಾರಿ ಅವನನ್ನು ಅಂಗನವಾಡಿಯ ಹೊಸ ಮಗುವನ್ನು ನೋಡುವಂತೆ ನೋಡಿದಳು. "ಈಗಿರೋದು ಬಡವ್ರ ಹಳೇದು. ಕೆರೆದ್ಮೇಲೆ ಬರೋದು ಸಾವ್ಕಾರ್ರ ಹಳೇದು. ನಾಳೆ ಸಂಘದ ಹೆಂಗಸ್ರೆಲ್ಲ ಮನೆಗೆ ಬತ್ತಾರೆ. ನಾನು ಬರೋ ಹೊತ್ಗೆ ಆಗಿರ್ಬೇಕು."

ಹಾಗಂದವಳೇ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದಳು.

ನಿಂಗರಾಜು ಅಂಗಿ ಬಿಚ್ಚಿಟ್ಟು, ಲುಂಗಿ ಎತ್ತಿ ಕಟ್ಟಿ, ಡಬ್ಬದ ಮುಚ್ಚಳ ಎಬ್ಬಿಸಿದ. ಒಳಗಿನ ಬಣ್ಣ ನೋಡಿ ಅವನಿಗೆ ಮೊದಲ ಗೊಂದಲವಾಯಿತು. ಹಸಿರು ಎನ್ನೋಣವೆಂದರೆ ಹಸಿರಲ್ಲ, ಬೂದಿ ಎನ್ನೋಣವೆಂದರೆ ಬೂದಿಯಲ್ಲ. ಮೊನ್ನೆಯ ಸೊಪ್ಪಿನ ಸಾರಿಗೆ ಮಜ್ಜಿಗೆ ಸುರಿದ ಹಾಗಿತ್ತು. ಆದರೂ ಹೇಳಿದಂತೆ ಮೇಣದಬತ್ತಿ ಉಜ್ಜಿ, ಬೀರುವಿಗೆ ಒಂದು ಸುತ್ತು ಬಣ್ಣ ಬಳಿದ. ಕೈ, ಎದೆ, ಹಣೆಗೂ ಅಷ್ಟಷ್ಟು ಬಂತು.

ಎದುರುಮನೆಯ ಶಿವಸ್ವಾಮಿ ಮೇಷ್ಟ್ರು ಬಂದದ್ದು ಆಗ. ಅವರು ರಿಟೈರಾದವರು. ಬೀದಿಯ ಯಾವ ಮನೆಯಲ್ಲಿ ಡಬ್ಬದ ಮುಚ್ಚಳ ತೆರೆದ ಸದ್ದಾದರೂ ಅವರಿಗೆ ಸ್ಕೂಲಿನ ಗಂಟೆ ಹೊಡೆದಂತಾಗುತ್ತಿತ್ತು.

"ಏನಯ್ಯಾ ನಿಂಗರಾಜು ಅದು?"

"ಚಾಕ್ ಪೇಂಟ್ ಸಾ."

"ಚಾಕಾ! ಹಂಗಾದ್ರೆ ಅದು ಬೋರ್ಡಿಗೆ ಬಳಿಯೋದು ಕಣಯ್ಯ. ನನ್ನ ಸರ್ವೀಸೆಲ್ಲ ಅದರ ಮುಂದೆ ನಿಂತೇ ಕಳೆದೆ, ನನಗೆ ಗೊತ್ತಿಲ್ವಾ?"

"ಅದು ಕರ್ರಗಿರ್ತದಲ್ಲ ಸಾ? ಇದು ಒಂಥರಾ ಹಸ್ರು."

"ಈಗೆಲ್ಲಾ ಕಡೆ ಹಸಿರು ಬೋರ್ಡೇ ಬಂದಿರೋದು!"

ಮೇಷ್ಟ್ರು ದಡದಡ ಮನೆಗೆ ಹೋಗಿ ಒಂದು ಸೀಮೆಸುಣ್ಣ ತಂದರು. ಆಗಷ್ಟೇ ಒಣಗಿದ್ದ ಬೀರುವಿನ ಬಾಗಿಲ ಮೇಲೆ ದುಂಡಾಗಿ ಅ ಆ ಇ ಈ ಬರೆದು, ಹಿಂದಕ್ಕೆ ಸರಿದು ನಿಂತು, ಕಣ್ಣು ತುಂಬ ನೋಡಿದರು.

"ಹೆಂಗೆ ಕಚ್ಕೊಂಡಿದೆ ನೋಡು! ಇವತ್ತು ಏನು ಸಾರು ಅಂತ ದಿನಾ ಇದರ ಮೇಲೆ ಬರೀಬೋದು."

ಮೇಷ್ಟ್ರು ಹೋದ ಮೇಲೆ ನಿಂಗರಾಜು ಆ ಅಕ್ಷರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಅಕ್ಷರ ಅಲ್ಲೇ ಉಳಿಯಿತು, ಸುತ್ತಲ ಬಣ್ಣ ಎದ್ದು ಬಂತು. ಕೆರೆಯಬೇಕೆಂದು ಹೇಗೂ ಹೇಳಿದ್ದಾಳಲ್ಲ ಎಂದುಕೊಂಡು ಅವನು ಉಪ್ಪುಕಾಗದ ಹಿಡಿದು ಉಜ್ಜತೊಡಗಿದ. ಪುಡಿ ಎದ್ದು ಮೈಗೆಲ್ಲ ಮೆತ್ತಿಕೊಂಡಿತು. ಎಷ್ಟು ಕೆರೆದರೆ ಸಾವ್ಕಾರ್ರದು, ಎಷ್ಟು ಕೆರೆದರೆ ಮತ್ತೆ ಬಡವರದು ಎಂಬುದು ಅವನಿಗೆ ತಿಳಿಯಲಿಲ್ಲ. ಕುಮಾರಿಗೆ ಫೋನು ಮಾಡಿದ. ಮದುವೆ ಮನೆಯ ಓಲಗದ ನಡುವೆ ಅವಳಿಗೆ ಕೇಳಿಸಿತೋ ಇಲ್ಲವೋ, ಅವಳು ಎತ್ತಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಮಾದಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಹಿತ್ತಲ ಬಾಗಿಲಿನಿಂದ ಬಂದಳು. ಬಂದವಳು ಲೋಟ ಹಿಡಿದುಕೊಂಡು ನಿಂತಲ್ಲೇ ನಿಂತಳು. ಹಾಡುಹಗಲಲ್ಲಿ ನೆಲದ ಮೇಲೆ ಮೇಣದಬತ್ತಿ. ಬೀರುವಿನ ಮೇಲೆ ಬಿಳಿ ಅಕ್ಷರ. ಅದರ ಮುಂದೆ ಬರಿಮೈಯಲ್ಲಿ ಬೂದಿ ಬಳಿದುಕೊಂಡವನಂತೆ ಕೂತು ಗಸಗಸ ಕೆರೆಯುತ್ತಿರುವ ನಿಂಗರಾಜು.

"ಏನ್ಲಾ ನಿಂಗ, ಬಣ್ಣ ಒಡೀತಿದ್ದೀಯೊ, ಕೆರೀತಿದ್ದೀಯೊ?"

"ಎರಡೂನೂ ಕಣ ದೊಡ್ಡವ್ವ. ಮೊದ್ಲು ಒಡೆಯದು, ಆಮೇಕೆ ಕೆರೆಯದು."

"ಯಾಕ್ಲಾ?"

"ಹಳೇದು ಕಾಣ್ಲಿ ಅಂತ."

"ಅದು ಹಳೇದೇ ಅಲ್ವಲಾ?"

"ಹಳೇದೇ. ಆ ಹಳೇದ್ಕೆ ಬಣ್ಣ ಒಡದು ಹೊಸ್ದು ಮಾಡಿ, ಆ ಹೊಸ್ದನ್ನ ಕೆರೆದು ಹಳೇದು ಮಾಡದು."

ತನ್ನ ಬಾಯಿಂದಲೇ ಬಂದ ಈ ಮಾತು ಕಿವಿಗೆ ಬಿದ್ದಾಗ ನಿಂಗರಾಜುವಿಗೇ ಸ್ವಲ್ಪ ಹೆದರಿಕೆಯಾಯಿತು. ದೊಡ್ಡಮಾದಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಕುಮಾರಿ ಎಲ್ಲವ್ಳೆ?"

"ಗುಂಡ್ಲುಪೇಟೆಗೋದ್ಲು."

"ಬ್ಯಾಗು ಗೀಗು ತಕಂಡೋದ್ಲಾ?"

"ಊಂ, ದೊಡ್ಡ ಬ್ಯಾಗೇ ತಕಂಡೋದ್ಲು."

ಅಷ್ಟು ಸಾಕಾಯಿತು. ದೊಡ್ಡಮಾದಮ್ಮ ಮೊಸರನ್ನು ಮರೆತು ಬೀದಿಗೆ ಓಡಿದಳು. ಕಾಫಿ ಸೋಸುವಷ್ಟರಲ್ಲಿ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ಅಲ್ಲಿಂದ ಈ ತುದಿಗೆ ವಾಪಸು ಬರುವಾಗ ಕುಮಾರಿ ಗಂಡನನ್ನು ಬಿಟ್ಟು ಹೋಗಿದ್ದಳು, ನಿಂಗರಾಜು ಬೀರುವಿಗೆ ಪೂಜೆ ಮಾಡುತ್ತಿದ್ದ.

ಜನ ಅಡುಗೆಮನೆಗೆ ನುಗ್ಗಿದರು, ಅವರ ಹಿಂದೆಯೇ ಮೇಷ್ಟ್ರೂ ಬಂದರು. ಯಾರೋ ನಿಂಬೆಹಣ್ಣು ತಂದು ಅವನ ನೆತ್ತಿಯ ಮೇಲೇ ಹಿಂಡಿದರು. ದೊಡ್ಡಮಾದಮ್ಮ ಬೆಟ್ಟದ ದೇವರು ಮಾದಪ್ಪನ ವಿಭೂತಿ ತಂದು, ಅವನ ಹಣೆಯ ಮೇಲೆ ಪೇಂಟಿಲ್ಲದ ಜಾಗ ಹುಡುಕಿ ಹಚ್ಚಿದಳು.

"ಬುಡ್ರಪ್ಪ! ನಂಗೇನೂ ಆಗಿಲ್ಲ!" ಎಂದು ನಿಂಗರಾಜು ಕೂಗಿದ.

"ಆಗಿರೋರೆಲ್ಲ ಅಂಗೇ ಅನ್ನದು," ಎಂದಳು ದೊಡ್ಡಮಾದಮ್ಮ. "ನೋಡ್ರವ್ವ, ಬೀರು ಮ್ಯಾಲೆ ಅದೇನೋ ಮಂತ್ರ ಬರ್ಕಂಡವ್ನೆ!"

"ಅದು ಅ ಆ ಇ ಈ! ಮೇಷ್ಟ್ರೇ ಬರ್ದಿದ್ದು. ನೀವೇ ಹೇಳಿ ಸಾ!"

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಒಮ್ಮೆ ಬೀರುವನ್ನು ನೋಡಿದರು, ಒಮ್ಮೆ ಜನವನ್ನು ನೋಡಿದರು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟು, "ಪಾಪ, ಒಳ್ಳೇ ಹುಡುಗ," ಎಂದರು.

ಹತ್ತಿರದ ಹಳ್ಳಿ ಉಡಿಗಾಲ ದೊಡ್ಡಮಾದಮ್ಮನ ತವರು. ಕುಮಾರಿಯ ಅಪ್ಪ ಚಿಕ್ಕಬಸವಯ್ಯನ ಊರೂ ಅದೇ. ದೊಡ್ಡಮಾದಮ್ಮ ಅವನಿಗೆ ಫೋನಿನಲ್ಲಿ ಏನು ಹೇಳಿದಳೋ, ಮಾವ ಗದ್ದೆಯಿಂದ ನೇರವಾಗಿ ಮೊಪೆಡ್ ಏರಿ, ಕೆಸರುಗಾಲಲ್ಲೇ ಬಂದಿಳಿದ. ಬಂದವನು ಅಳಿಯನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೀರುವನ್ನು ನೋಡಿದ. ಹೆಗಲ ಮೇಲಿನ ಟವೆಲು ತೆಗೆದು ಬಾಯಿಗೆ ಒತ್ತಿಕೊಂಡ.

"ನಮ್ಮೊಲದ ಹೊನ್ನೆ ಮರ ಕಣ ಅಳಿಮಯ್ಯ. ಮಗಳ ಮದ್ವೆಗೆ ಅಂತ ನಾನೇ ನಿಂತು ಕುಯ್ಸಿದ್ದೆ. ಆಚಾರೀನ ಹಟ್ಟೀಲಿ ಕೂರ್ಸಿ ಮಾಡ್ಸಿದ್ದೆ. ಎಂಗೆ ಮಿಂಚ್ತಿತ್ತು! ಇದ್ಕೆ ಬೂದಿ ಬಳ್ದು, ಕಜ್ಜಿ ನಾಯಿ ಮೈ ಕೆರ್ದಂಗೆ ಕೆರ್ದುಬುಟ್ಟಿದ್ದೀಯಲ್ಲಪ್ಪ!"

ನಿಂಗರಾಜು ಮಾವನ ಎರಡೂ ಕೈ ಹಿಡಿದುಕೊಂಡ. "ಮಾವ, ನಿಮ್ಮಾಣೆ, ನಂದೇನೂ ಇಲ್ಲ. ನಿಮ್ ಮಗ್ಳೇ ಹೇಳಿದ್ದು."

"ನನ್ ಮಗ್ಳಾ?" ಚಿಕ್ಕಬಸವಯ್ಯನ ದನಿ ಏರಿತು. "ಅಪ್ಪ ಕೊಟ್ಟ ಬೀರ್ನ ಕೆರಿ ಅಂತ ನನ್ ಮಗ್ಳು ಏಳಾಳಾ? ಅಂಗೇನಾರ ಅವ್ಳೇ ಏಳಿದ್ರೆ, ಇನ್ನೊಂದ್ಸಲ ಈ ಮನೆ ಒಸ್ಲು ತುಳಿಯಕಿಲ್ಲ ನಾನು."

"ಅವ್ಳು ಬತ್ತಾಳೆ. ಅವ್ಳನ್ನೇ ಕೇಳಿ."

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಮೇಷ್ಟ್ರು ಕುರ್ಚಿ ತರಿಸಿಕೊಂಡರು. ದೊಡ್ಡಮಾದಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತಳು. ನಿಂಗರಾಜು ಕಂಬಕ್ಕೊರಗಿ, ನಿಂಬೆರಸದಲ್ಲಿ ಉರಿಯುತ್ತಿದ್ದ ಕಣ್ಣನ್ನು ಉಜ್ಜಿಕೊಳ್ಳುತ್ತಾ ಬೀದಿಯ ತಿರುವನ್ನೇ ನೋಡುತ್ತಿದ್ದ. ಇಡೀ ದಿನದಲ್ಲಿ ಅವನಿಗೆ ಮೊದಲ ಬಾರಿ ನೆಮ್ಮದಿಯಾಗಿತ್ತು. ಕುಮಾರಿ ಬಾಯಿ ಬಿಟ್ಟರೆ ಮುಗಿಯಿತು. ಈ ಬೀದಿಯವರೆಲ್ಲ ಸಾಲಾಗಿ ನಿಂತು ತಪ್ಪಾಯಿತು ಅನ್ನಬೇಕು.

ಸಂಜೆಯ ಬಿಸಿಲು ಇಳಿಯುವಾಗ ಕುಮಾರಿ ಬಂದಳು. ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ತಾಂಬೂಲದ ಚೀಲ. ಮನೆ ಮುಂದಿನ ಜನ ನೋಡಿ ಗಾಬರಿಯಾಗಿ ಚೀಲ ಕೆಳಗೆ ಬಿಟ್ಟಳು. ತೆಂಗಿನಕಾಯಿಯೊಂದು ಉರುಳಿಕೊಂಡು ಮೇಷ್ಟ್ರ ಕಾಲ ಬಳಿ ಹೋಗಿ ನಿಂತಿತು.

"ಬಂದ್ಯಾ ಅಮ್ಮಣ್ಣಿ!" ಎಂದು ಚಿಕ್ಕಬಸವಯ್ಯ ಎದ್ದ. ಅವನ ಕಣ್ಣು ಒದ್ದೆಯಾಗಿತ್ತು. "ಒಂದೇ ಮಾತು ಕೇಳ್ತೀನಿ. ನಾ ಕೊಟ್ಟ ಬೀರ್ಗೆ ಬಣ್ಣ ಬಳ್ದು ಕೆರಿ ಅಂತ ಇವನಿಗೆ ನೀನೇನಾರ ಏಳಿದ್ಯಾ?"

ಕುಮಾರಿ ಅಪ್ಪನ ಒದ್ದೆ ಕಣ್ಣು ನೋಡಿದಳು. ಕಿವಿ ನಿಮಿರಿಸಿಕೊಂಡಿದ್ದ ಬೀದಿಯನ್ನು ನೋಡಿದಳು. ನಾಳೆ ಬರುವ ಸಂಘದ ಹೆಂಗಸರಲ್ಲಿ ಮೂರು ನಾಲ್ಕು ಜನ ಅಲ್ಲೇ ಇದ್ದರು. ಕೊನೆಗೆ ಗಂಡನನ್ನು ನೋಡಿದಳು. ನಿಂಗರಾಜು ಎರಡೂ ಕೈಯಲ್ಲಿ ಹೇಳು, ಹೇಳು ಎಂದು ಸನ್ನೆ ಮಾಡುತ್ತಿದ್ದ.

"ನಾನಾ?" ಎಂದಳು ಕುಮಾರಿ. "ನಾನ್ಯಾಕೆ ಹೇಳನಪ್ಪ ಅಂಗೆಲ್ಲ?"

ಸನ್ನೆ ಮಾಡುತ್ತಿದ್ದ ನಿಂಗರಾಜುವಿನ ಕೈ ಗಾಳಿಯಲ್ಲೇ ನಿಂತಿತು. ದೊಡ್ಡಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಬಸವಯ್ಯನ ಸಿಟ್ಟೆಲ್ಲ ಒಂದೇ ಸಲಕ್ಕೆ ಇಳಿದು ಮರುಕವಾಯಿತು. ಅವನು ಅಳಿಯನ ಬೆನ್ನು ಸವರಿ, "ಎದ್ರುಕಬೇಡ ಕಣ ಅಳಿಮಯ್ಯ. ನಾಳೆ ಬೆಳಗ್ಗೆ ಮೊದಲ್ನೇ ಬಸ್ಗೆ ಬೆಟ್ಟಕ್ಕೋಗನ. ಮಾದಪ್ಪನ ಮುಂದೆ ಮುಡಿ ಕೊಟ್ರೆ ಎಲ್ಲಾ ಸರೋಯ್ತದೆ. ಅಲ್ಲೀವರ್ಗೂ ನಾನೂ ಇಲ್ಲೇ ಇರ್ತೀನಿ," ಎಂದ.

ಕುಮಾರಿ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು. ನಿಂಗರಾಜು ಹಿಂದೆಯೇ ನುಗ್ಗಿದ. ಅಡುಗೆಮನೆಯಲ್ಲಿ ಅವಳು ಬೀರುವಿನ ಅಂಚನ್ನು ಬೆರಳಿನಿಂದ ಸವರುತ್ತಾ ನಿಂತಿದ್ದಳು. ಮುಖ ಅರಳಿತ್ತು.

"ರೀ," ಎಂದು ಪಿಸುಗುಟ್ಟಿದಳು, "ಎಷ್ಟು ಚೆನ್ನಾಗ್ ಮಾಡಿದ್ದೀರ! ಆ ವೀಡಿಯೊದವಳ್ದೂ ಇಷ್ಟು ಚೆನ್ನಾಗಿರ್ಲಿಲ್ಲ. ಬೆಟ್ಟದಿಂದ ಬಂದ್ಮೇಲೆ ಆ ನಾಕು ಕುರ್ಚಿಗೂ ಹೊಡ್ದುಬುಡಿ."

"ಅದನ್ನ ಅಲ್ಲಿ ಬಂದು ಹೇಳೇ!"

"ಅಪ್ಪ ಅಷ್ಟು ನೊಂದ್ಕಂಡವ್ನೆ, ಎಂಗೆ ಹೇಳದು? ಜನ ನನ್ನ ಏನಂದ್ಕತಾರೆ?"

"ಮತ್ತೆ ನನ್ನ?"

"ನಿಮ್ಮನ್ನ ಆಗ್ಲೇ ಅಂದ್ಕಂಡಾಯ್ತಲ್ಲ."

ನಿಂಗರಾಜುವಿಗೆ ಬೆಳಗಿನಿಂದ ತಡೆದಿದ್ದ ಸಿಟ್ಟೆಲ್ಲ ನೆತ್ತಿಗೇರಿತು. ಅವನು ಬೀರುವಿನ ಬಾಗಿಲಿಗೆ ಎರಡೂ ಕೈ ಊರಿ, ತಲೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಶುರು ಮಾಡಿದ. "ನಿನ್ನ ಮಾತು ಕಟ್ಕಂಡು ನಾನು ಕೆಟ್ಟೆ! ಕೆರಿ ಅಂದೆ, ಕೆರೆದೆ! ಇಷ್ಟೆಲ್ಲ ನಿಂಗಾಗಿ ಮಾಡುದ್ರೆ ನಾಕು ಜನದ ಮುಂದೆ ಬಾಯಿ ಮುಚ್ಕಂಡ್ ನಿಂತ್ಕತೀಯಾ? ಮಾತಾಡು! ಈಗ್ಲಾದ್ರೂ ಒಂದು ಮಾತಾಡು ನೋಡನ!"

ಯಾರೂ ಮಾತಾಡಲಿಲ್ಲ. ನಿಂಗರಾಜು ಕಣ್ಣು ಬಿಟ್ಟ. ಕುಮಾರಿ ಹಾಲಿನ ಪಾತ್ರೆ ತೊಳೆಯಲು ಯಾವಾಗಲೋ ಹಿತ್ತಲಿಗೆ ಹೋಗಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಮಾವ, ಮೇಷ್ಟ್ರು, ದೊಡ್ಡಮಾದಮ್ಮ ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟುಕೊಂಡು, ಉಸಿರು ಬಿಗಿಹಿಡಿದು, ಅವನನ್ನೂ ಬೀರುವನ್ನೂ ನೋಡುತ್ತಿದ್ದರು.

"ಬಸ್ಸಿಗೆ ಕಾಯದು ಬ್ಯಾಡ ಕಣ್ರಪ್ಪ," ಎಂದ ಚಿಕ್ಕಬಸವಯ್ಯ ಮೆಲ್ಲಗೆ. "ಯಾರಾದ್ರೂ ಒಂದು ಕಾರು ಕರೀರಿ."