ನೂರೊಂದು ಡಿಗ್ರಿಗೆ ಚೌಕಾಸಿ

ಕರಿಬಸಮ್ಮ ಶುದ್ಧ ಕೆಲಸಗಳ್ಳಿ ಎಂಬ ತೀರ್ಮಾನಕ್ಕೆ ಅಡಿಕೆ ಮಂಡಿಯ ರುದ್ರಮುನಿ ಬಂದು ಬಹಳ ದಿನವಾಗಿತ್ತು. ಚನ್ನಗಿರಿಯಲ್ಲಿ ಆಕೆಯದೊಂದು ಡೇಕೇರ್. ಮಂಡಿಗೆ ಹೋಗುವಾಗಲೆಲ್ಲ ಅದರ ಜಗಲಿಯ ಮೇಲೆ ಒಬ್ಬಿಬ್ಬರು ಅಪ್ಪಂದಿರು ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಪೆಚ್ಚಾಗಿ ಕೂತಿರುವುದನ್ನು ಆತ ಕಾಣುತ್ತಿದ್ದ. ಜ್ವರದ ನೆಪ ಹೇಳಿ ಹೊರಗೆ ಹಾಕಿದ್ದಾಳೆ, ಮಕ್ಕಳು ಕಮ್ಮಿಯಾದಷ್ಟೂ ಆಯಮ್ಮಂಗೆ ಆರಾಮ ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ದಿನಾ ಮಗಳನ್ನು ಬಿಟ್ಟುಬರುತ್ತಿದ್ದ ಸಂಧ್ಯಾರಾಣಿ ನಕ್ಕುಬಿಡುತ್ತಿದ್ದಳು.

ಆ ಸಂಧ್ಯಾರಾಣಿಗೆ ಹೊನ್ನಾಳಿಯಲ್ಲಿ ಕೆಲಸ ಸಿಕ್ಕಿತು. ಅವತ್ತೇ ಹಾಜರಾಗಬೇಕು.

"ಪಾಪುಗೆ ಮೈ ಬೆಚ್ಚಗಾದ್ರೆ ಫೋನ್ ಮಾಡ್ರಿ, ಬಸ್ ಇಳಿದು ವಾಪಸ್ ಬರ್ತೀನಿ," ಎಂದಳು.

ಮೂಟೆಗೆ ಕೈ ಹಾಕಿದರೆ ಸಾಕು, ಅಡಿಕೆಯ ಜಾತಕವನ್ನೇ ಹೇಳುವ ಗಂಡಸು ರುದ್ರಮುನಿ. ಒಂದು ಮಗುವನ್ನು ನಿಭಾಯಿಸಲಾರನೇ! ಫೋನ್ ಬರೋದೇ ಇಲ್ಲ ಹೋಗು ಎಂದು ಮಹಾರಾಜನಂತೆ ಬೀಳ್ಕೊಟ್ಟ. ಮಗಳಿಗೆ ಉಣ್ಣೆ ಟೋಪಿ ಬಿಗಿದು, ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ, ಸಿಕ್ಕವರಿಗೆಲ್ಲ ತನ್ನ ಸಾಹಸ ಬಣ್ಣಿಸುತ್ತ ಬಿಸಿಲಲ್ಲಿ ಊರು ಸುತ್ತಿ ಡೇಕೇರ್ ತಲುಪಿದ. ಕರಿಬಸಮ್ಮ ಮಗುವಿನ ಹಣೆಗೆ ಜ್ವರದ ಗನ್ನು ಹಿಡಿದಳು. ನೂರೊಂದು.

ಈಗ ಫೋನ್ ಮಾಡಿದರೆ ರುದ್ರಮುನಿಯ ಮಾನ ಹೋಗುತ್ತಿತ್ತು. ಹೆಂಡತಿಯ ಬಸ್ಸು ಇನ್ನೂ ಅರ್ಧ ದಾರಿಯಲ್ಲಿತ್ತು. ಗನ್ನು ಇಸಿದುಕೊಂಡು ತನ್ನ ಹಣೆಗೇ ಹಿಡಿದ: ನೂರಾ ಎರಡು. ಗೇಟಿನ ಕಂಬಕ್ಕೆ ಹಿಡಿದ: ನೂರಾ ನಾಲ್ಕು. ಕಂಬಕ್ಕೇ ಜ್ವರ ಬಂದ ಮೇಲೆ ಗನ್ನು ಕೆಟ್ಟಿದೆಯೆಂದು ಸಾಬೀತಾಯಿತಲ್ಲ, ಮಗುವನ್ನು ಒಳಗೆ ಬಿಟ್ಟುಕೊಳ್ಳಿ ಎಂದು ವಾದ ಹೂಡಿದ.

"ಕೆಟ್ಟೈತೆ ಅಂದ್ರೆ, ಅದು ಜ್ವರ ಇಲ್ಲ ಅಂದಾಗ್ಲೂ ನಂಬಾಕೆ ಆಗಲ್ಲ, ಸಾವ್ಕಾರ್ರೆ."

ರುದ್ರಮುನಿ ಮಂಡಿಯ ವಿದ್ಯೆಯನ್ನೇ ಹೊರತೆಗೆದ. ಮೂಟೆಯ ಬಾಯಿ, ನಡು, ತಳ ಮೂರೂ ಕಡೆ ಅಡಿಕೆ ತೆಗೆದು ನೋಡದೆ ಯಾರಾದರೂ ದರ ಕಟ್ಟುತ್ತಾರೆಯೇ? ಮಗಳ ಹಣೆ, ಹೊಟ್ಟೆ, ಅಂಗಾಲಿಗೆ ಗನ್ನು ಹಿಡಿದು ಸರಾಸರಿ ತೆಗೆದ.

"ನೀವು ನೂರೊಂದು ಅಂತೀರಿ, ನನ್ನ ಲೆಕ್ಕ ತೊಂಬತ್ತೆಂಟು. ತೊಂಬತ್ತೊಂಬತ್ತಕ್ಕೆ ಮುಗಿಸ್ರಿ ಅಕ್ಕಾರೆ."

ಕರಿಬಸಮ್ಮ ಮಗುವಿನ ಟೋಪಿ ಬಿಚ್ಚಿ, ನೀರು ಕುಡಿಸಿ, ಅಪ್ಪ ಮಗಳಿಬ್ಬರನ್ನೂ ಜಗಲಿಯ ನೆರಳಿಗೆ ಕೂರಿಸಿ ಒಳಗೆ ಹೋದಳು. ಜಗಲಿಯಲ್ಲಿ ಆಗಲೇ ಮಗನೊಂದಿಗೆ ಕೂತಿದ್ದ ಬೈಲಪ್ಪನನ್ನು ರುದ್ರಮುನಿ, ನಿಮ್ಮನ್ನೂ ಹೊರಗೆ ಹಾಕಿದಳಾ ಎಂದು ಮರುಕದಿಂದ ವಿಚಾರಿಸಿದ. ಬೈಲಪ್ಪ ಬೆರಗಾಗಿ, ಹೊರಗೆ ಹಾಕಿಲ್ಲ, ದಾರಿಯ ಕಾವು ಇಳಿಯಲಿ ಅಂತ ಕೂರಿಸಿದ್ದಾರೆ, ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಾರೆ ಎಂದ.

ಸ್ವಲ್ಪ ಹೊತ್ತಿಗೆ ಕರಿಬಸಮ್ಮ ಬಂದಳು. ಒಳಗೆ ಒಂದು ಕೂಸು ಅಳುತ್ತಿತ್ತು, ಇನ್ನೊಂದು ಆಕೆಯ ಸೆರಗಿಗೇ ಜೋತುಬಿದ್ದಿತ್ತು. ಆದರೂ ಥರ್ಮಾಮೀಟರ್ ಕೀಂ ಅನ್ನುವವರೆಗೆ ಕೊಸರಾಡುವ ಮಗುವಿನ ತೋಳನ್ನು ಮೆತ್ತಗೆ ಒತ್ತಿ ಹಿಡಿದು, ಗುಬ್ಬಿ ತೋರಿಸುತ್ತ ಕೂತಳು. ಮನೆಗೆ ಕಳಿಸಿಬಿಟ್ಟಿದ್ದರೆ ಆಕೆಗೆ ಎಷ್ಟು ಸಲೀಸಾಗುತ್ತಿತ್ತು ಎಂಬುದು ರುದ್ರಮುನಿಗೆ ಆಗ ಹೊಳೆಯಿತು. ಮಗಳಿಗೆ ಜ್ವರ ಇರಲಿಲ್ಲ. ಅಷ್ಟರಲ್ಲಿ ಹೊನ್ನಾಳಿ ತಲುಪಿದೆ ಎಂಬ ಹೆಂಡತಿಯ ಮೆಸೇಜೂ ಬಂತು.

ಮಗಳು ಹಿಂತಿರುಗಿಯೂ ನೋಡದೆ ಒಳಗೋಡಿದಳು. ರುದ್ರಮುನಿ ಮಾತ್ರ ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಅಕ್ಕಾರೆ, ಪಾಪು ಹೆದರಿಕೊಂಡ್ರೆ... ನಾನೂ ಸಂಜೆ ತನಕ ಒಳಗೇ ಇರ್ಲಾ?"

"ಇಲ್ಲಿ ಅಳೋರನ್ನ ಮಾತ್ರ ಇಟ್ಕಂತೀವಿ, ವಾದ ಮಾಡೋರನ್ನಲ್ಲ. ನಡೀರಿ."